ಹಾಸನದಿಂದ ಪಣಂಬೂರಿಗೆ ಹಳೇ ಕಾರು: ಶಿರಾಡಿ ಇಳಿಯುವ ಮುನ್ನ

ಮಂಗಳೂರಿನ ಪಣಂಬೂರು ಬೀಚಿನಲ್ಲಿ, ಕರಾವಳಿ ಉತ್ಸವದಂಥ ಕಡಲತಡಿಯ ಹಬ್ಬದಲ್ಲಿ ಜನರಿಗೆ ತೋರಿಸಲು ಹಾಸನದಿಂದ ಹಳೇ ಕಾರನ್ನು ಲಾರಿ ಮೇಲೆ ಹೇರಬೇಕಿಲ್ಲ, ಓಡಿಸಿಕೊಂಡೇ ಹೋಗಬಹುದು. ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ.ರೋಡ್ ಮೂಲಕ ಸುಮಾರು 170 ಕಿ.ಮೀ. ಎಂಜಿನ್ ಒಂದು ಸರಿಯಿದ್ದರೆ ಸಾಕು ಅಂತ ಹೊರಡುವವರೇ ಹೆಚ್ಚು. ಹೋಗುವಾಗ ಎಂಜಿನ್‌ಗಿಂತ ಮೊದಲು ಕೈಕೊಡುವುದು ಬ್ರೇಕು.

ಅಂಬಾಸಿಡರ್ ಮಾರ್ಕ್ 2 ಆಗಲಿ, ಫಿಯಟ್ 1100 ಆಗಲಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು: ಚಕ್ರದ ಜೊತೆ ತಿರುಗುವ ಡಬ್ಬಿಗೆ ಒಳಗಿಂದ ಶೂ ಎಂಬ ಪಟ್ಟಿಗಳು ಒತ್ತುತ್ತವೆ, ಕಾವು ಬೇಗ ಆರುವುದಿಲ್ಲ. ಸಕಲೇಶಪುರ ದಾಟಿ ದೋಣಿಗಾಲ್‌ನಿಂದ ಶಿರಾಡಿ ಘಾಟಿಯ ಇಳಿಜಾರು ಶುರುವಾದರೆ ಗುಂಡ್ಯದವರೆಗೂ ಬಿಡುವಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ; ತೇವ ಹೀರಿದ್ದು 140ರ ಸುಮಾರಿಗೇ ಕುದಿಯಬಹುದು. ಆಗ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಹೊರಡುವ ವಾರದಲ್ಲೇ ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಅರ್ಧ ಲೀಟರ್ ಜೊತೆಗಿರಲಿ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ, ಬಹುತೇಕ ಎರಡನೆಯದು. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಚಾಳಿ ಇಲ್ಲಿ ಬೇಡವೇ ಬೇಡ.

ಗುಂಡ್ಯದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಡ್ರಮ್ ಮುಟ್ಟಬೇಡಿ. ಎಡಬಲದ ಜೋಡಿಯಲ್ಲಿ ಒಂದರ ಕಾವು ಮಾತ್ರ ಮುಖಕ್ಕೆ ಹೊಡೆಯುವಷ್ಟಿದ್ದರೆ ಅಲ್ಲಿ ಶೂ ಕಚ್ಚಿಕೊಂಡಿದೆ. ಸಾಮಾನ್ಯವಾಗಿ ಶೂ ತಳ್ಳುವ ವೀಲ್ ಸಿಲಿಂಡರ್‌ನ ಪಿಸ್ಟನ್ ತುಕ್ಕು ಹಿಡಿದು ಹಿಂದಕ್ಕೆ ಸರಿಯದಿರುವುದೇ ಕಾರಣ. ಬಿಸಿ ಡ್ರಮ್‌ಗೆ ನೀರು ಸುರಿದರೆ ಬಿರುಕು ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ.

ಚಿಕ್ಕಮಗಳೂರಿನವರಿಗೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಹತ್ತಿರ. ಆದರೆ ಅಲ್ಲಿನ ತಿರುವುಗಳು ತೀರಾ ಇಕ್ಕಟ್ಟು. ಸ್ಟೀರಿಂಗ್‌ನಲ್ಲಿ ಆಟ, ಅಂದರೆ ಸಡಿಲ, ಇರುವ ಕಾರು ತರಬೇಡಿ.

ಹಾಸನ, ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರ. ಗಾಳಿ-ಪೆಟ್ರೋಲ್ ಬೆರೆಸುವ, ಇಲ್ಲಿ ಹದ ಮಾಡಿದ ಕಾರ್ಬ್ಯುರೇಟರ್‌ಗೆ ಕೆಳಗಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದಾಗಿ ಐಡ್ಲಿಂಗ್ ತಡವರಿಸುತ್ತದೆ, ಕಾರ್ಬ್ಯುರೇಟರ್ ಬಾಯಲ್ಲಿ ಫಟ್ ಎನ್ನುತ್ತದೆ. ಎಸ್‌ಯು ಎಂಬ ಬಗೆಯ ಕಾರ್ಬ್ಯುರೇಟರ್ ಆದರೆ ಪೆಟ್ರೋಲ್ ಹೆಚ್ಚಿಸಲು ತಳದ ಜೆಟ್ ನಟ್ಟನ್ನು ಅದರ ಆರು ಮುಖಗಳಲ್ಲಿ ಒಂದೇ ಒಂದು ಮುಖದಷ್ಟು ಕೆಳಕ್ಕೆ ತಿರುಗಿಸಿ ನೋಡಿ. ಮೊದಲಿದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಂಡರೆ ವಾಪಸ್ ಬಂದಾಗ ಸುಲಭ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಮ್) ಎರಡನ್ನೂ ತಿನ್ನುತ್ತದೆ. ಎಥನಾಲ್ ತಡೆಯುವಂಥವನ್ನೇ ಹೊರಡುವ ಮೊದಲು ಹಾಕಿಸಿ.

ಮರಳಿನ ಮೇಲೆ ನಿಲ್ಲಿಸಲು ಪ್ರತಿ ಚಕ್ರದ ಕೆಳಗೆ ಎರಡಡಿ ಹಲಗೆ ಬೇಕು, ಇಲ್ಲದಿದ್ದರೆ ಸಂಜೆಗೆ ಚಕ್ರ ಹೂತಿರುತ್ತದೆ. ಮೂತಿ ರಸ್ತೆಯ ಕಡೆಗಿರಲಿ. ಬ್ಯಾಟರಿಯ ಅರ್ತ್ ವೈರ್ ಬಿಚ್ಚಿಡಿ. ಮಕ್ಕಳು ಸ್ವಿಚ್ ಒತ್ತದೆ ಬಿಡುವುದಿಲ್ಲ. ಕಾರು ಸುತ್ತ ಹಗ್ಗ ಕಟ್ಟಿ, ಆದರೆ ಬಾನೆಟ್ ಎತ್ತಿಡಿ. ಜನ ಬರುವುದೇ ಒಳಗೆ ನೋಡಲಿಕ್ಕೆ.

ಉಪ್ಪುಗಾಳಿಗೆ ಬಂಪರ್‌ನ ಹೊಳಪು ಅಷ್ಟು ಬೇಗ ಕೆಡುವುದಿಲ್ಲ. ಅದರ ಹಿಂಬದಿಗೆ ಕ್ರೋಮ್ ಸರಿಯಾಗಿ ಕೂತಿರುವುದಿಲ್ಲ, ತುಕ್ಕು ಅಲ್ಲಿಂದ. ಹೋಗುವ ಮೊದಲೇ ಅಲ್ಲಿಗೆ ಗ್ರೀಸ್ ಸವರಿ. ಅದೇ ರಾತ್ರಿ ಸಿಹಿನೀರಿನಲ್ಲಿ ಚಕ್ರದ ಕಮಾನಿನೊಳಗೆ, ಚಾಸಿ, ಬಾಗಿಲ ತಳದ ನೀರಿಳಿಯುವ ತೂತುಗಳಿಗೆ ಹೊಡೆಯಿರಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿಯುತ್ತದೆ, ಹತ್ತಿಯದೇ ಒಳ್ಳೆಯದು.

ವಾಪಸ್ ಬೆಳಿಗ್ಗೆ ಆರಕ್ಕೇ ಮಂಗಳೂರು ಬಿಡಿ. ಮಧ್ಯಾಹ್ನದ ಬಿಸಿಲಲ್ಲಿ ಲಾರಿಗಳ ಹಿಂದೆ ತೆವಳುತ್ತಾ ಹತ್ತಿದರೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಎಂಜಿನ್ ನಿಂತುಬಿಡುತ್ತದೆ. ಹಾಗಾದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹದಿನೈದು ನಿಮಿಷ ಕಾಯಿರಿ. ಐದು ಲೀಟರ್ ನೀರು, ಫ್ಯಾನ್ ಬೆಲ್ಟ್, ಎಂಜಿನ್‌ಗೆ ಕಿಡಿ ಕೊಡುವ ಭಾಗಗಳಾದ ಪಾಯಿಂಟ್, ಕಂಡೆನ್ಸರ್, ರೋಟರ್ ಡಿಕ್ಕಿಯಲ್ಲಿರಲಿ. ರೇಡಿಯೇಟರ್ ಮುಚ್ಚಳವನ್ನು ಪೂರ್ತಿ ಆರುವವರೆಗೆ ಮುಟ್ಟಬೇಡಿ.