ದಾರಿ ಬಿಡದೆ ಎಸೆದ ಅಶ್ರುವಾಯು

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಯೋಧರ ಒಂದು ಕಂಪನಿಯ ಹೊಣೆ ಹೊತ್ತಿದ್ದಾಗ ನಮ್ಮ ನೆಲೆಯ ಗೇಟಿನ ಮುಂದೆ ಕಳೆದ ಇಪ್ಪತ್ತು ನಿಮಿಷಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ. ಗುಂಪು ಚದುರಿಸುವುದು ಎಫ್‌ಪಿಯು, ಅಂದರೆ ಅದಕ್ಕೆಂದೇ ತರಬೇತಾದ ಪೊಲೀಸ್ ತುಕಡಿಯ ಕೆಲಸ. ಆದರೆ ಅವರು ಬಂದು ಸೇರಲು ಎರಡು ಗಂಟೆಯಾದರೂ ಬೇಕಿತ್ತು, ನೆರೆದಿದ್ದ ಸುಮಾರು ನಾನೂರು ಜನರ ಸಿಟ್ಟು ಆಗಲೇ ಏರಿತ್ತು. ನಮ್ಮ ಬಳಿ ಇದ್ದದ್ದು ಶೀಲ್ಡ್, ಲಾಠಿ, ಎರಡು ಪೆಟ್ಟಿಗೆ ಅಶ್ರುವಾಯು ಗ್ರೆನೇಡ್ ಮತ್ತು ಒಂದು ಮೆಗಾಫೋನ್. ಪಡೆಗಳು ತಮ್ಮೊಂದಿಗೆ ತಂದ ಸಲಕರಣೆಗಳ (ಸಿಒಇ) ತಪಾಸಣೆಯಲ್ಲಿ ಇವೆಲ್ಲವನ್ನೂ ಎಣಿಸಿ ಗುರುತು ಹಾಕಲಾಗಿತ್ತು. ಮೆಗಾಫೋನಿನ ಬ್ಯಾಟರಿ ಸತ್ತಿರುವುದನ್ನು ತಪಾಸಕರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕಲ್ಲು ಬೀಳತೊಡಗಿ ಒಬ್ಬ ಯೋಧನ ಹೆಲ್ಮೆಟ್ಟಿನ ವೈಸರ್ ಸೀಳಿತು. “ಹಿಂದಿರುವವರಿಗೆ ಏನೂ ಕೇಳಿಸುತ್ತಿಲ್ಲ ಸರ್, ಇನ್ನೊಮ್ಮೆ ಕೂಗಿ ಹೇಳುತ್ತೇನೆ” ಎಂದು ದುಭಾಷಿ ಕೇಳಿಕೊಂಡರು. ನಾನು ಕಾಯಲಿಲ್ಲ. ಕಾವಲು ಗೋಪುರದ ಧ್ವಜವನ್ನು ನೋಡಿ, ಗಾಳಿ ಗುಂಪಿನ ಕಡೆಗಿದೆಯೆಂದು ತೀರ್ಮಾನಿಸಿ, ಮೂರು ಗ್ರೆನೇಡ್ ಎಸೆಯಲು ಆಜ್ಞೆ ಕೊಟ್ಟೆ. ಆದರೆ ಗೋಪುರದ ತುದಿಯ ಗಾಳಿ ಬೇರೆ, ಗೋಡೆಯ ಬುಡದ ಗಾಳಿ ಬೇರೆ. ಈ ಗ್ರೆನೇಡ್‌ಗಳಲ್ಲಿದ್ದ ಸಿಎಸ್ ಎಂಬ ಅಶ್ರುವಾಯು ಹೆಸರಿಗಷ್ಟೇ ಅನಿಲ. ವಾಸ್ತವದಲ್ಲಿ ಅದು ಗಾಳಿಯಲ್ಲಿ ತೇಲುವ ನುಣ್ಣನೆಯ ಪುಡಿ. ಗೋಡೆಗೆ ಬಡಿದು ತಿರುಗಿದ ಗಾಳಿ ಆ ಬಿಳಿ ಮೋಡವನ್ನು ಮೊಣಕಾಲೆತ್ತರದಲ್ಲಿ ನಮ್ಮ ಸಾಲಿಗೇ ತಂದು ಹಾಕಿತು. ಮಾಸ್ಕ್‌ಗಳು ಸ್ಟೋರಿನಲ್ಲಿದ್ದವು.

ಅದಕ್ಕಿಂತ ದೊಡ್ಡ ತಪ್ಪು ಗುಂಪಿನ ಎಡಬದಿಯಲ್ಲಿತ್ತು. ಅಲ್ಲಿದ್ದ ಒಂದೇ ಓಣಿಗೆ ಬೆಳಿಗ್ಗೆ ಸುರುಳಿ ಮುಳ್ಳುತಂತಿ ಹಾಕಿಸಿದ್ದವನು ನಾನೇ. ಹಿಂದಿನವರು ಇನ್ನೂ ಮುಂದಕ್ಕೆ ಒತ್ತುತ್ತಿದ್ದರು, ಮುಂದಿನವರು ಕಣ್ಣು ಕಾಣದೆ ಆ ತಂತಿಯ ಕಡೆಗೆ ನುಗ್ಗಿದರು. ಸುಯ್ಯೆಂದು ತಿರುಗುತ್ತಿದ್ದ ಕ್ಯಾನಿಸ್ಟರನ್ನು ಒಬ್ಬ ಹುಡುಗ ಎತ್ತಿಕೊಳ್ಳಲು ಹೋಗಿ ಅಂಗೈ ಸುಟ್ಟುಕೊಂಡ. ಒಬ್ಬ ವೃದ್ಧೆಯ ಮೇಲುಹೊದಿಕೆ ಮುಳ್ಳಿಗೆ ಸಿಕ್ಕಿಕೊಂಡು, ಆಕೆ ಎಳೆದಷ್ಟೂ ಅದು ಬಿಗಿಯಾಗುತ್ತಿತ್ತು. ನಮ್ಮ ಹವಾಲ್ದಾರರು ನನ್ನ ಆಜ್ಞೆಗೆ ಕಾಯದೆ, ಕಣ್ಣೀರು ಸುರಿಸುತ್ತಲೇ ಬಟ್ಟೆ ಕತ್ತರಿಸಿ ಆಕೆಯನ್ನು ಬಿಡಿಸಿದರು, ಬಳಿಕ ಇಬ್ಬರು ಯೋಧರೊಡನೆ ತಂತಿಯನ್ನು ಎಳೆದು ಬದಿಗೆ ಹಾಕಿದರು. ಓಣಿ ತೆರೆದ ಕೆಲವೇ ನಿಮಿಷಗಳಲ್ಲಿ ಗುಂಪು ತಾನಾಗಿ ಕರಗಿತು. ಜೀವಹಾನಿ ಆಗಲಿಲ್ಲ; ಅದರ ಶ್ರೇಯ ನನ್ನದಲ್ಲ.

ಮೊದಲು ಎಚ್ಚರಿಕೆ ಕೊಡಬೇಕು, ಅದನ್ನು ಪಾಲಿಸಲು ಸಮಯ ಕೊಡಬೇಕು, ಹೊರಹೋಗಲು ದಾರಿ ಇರಬೇಕು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ 2020ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಈ ಸಾಧನಗಳನ್ನು ಅದು ‘ಮಾರಕವಲ್ಲದ’ ಎನ್ನದೆ ‘ಕಡಿಮೆ ಮಾರಕ’ ಎಂದೇ ಕರೆಯುತ್ತದೆ. ನಾನು ಅದನ್ನು ಓದಿದ್ದೆ, ಸಹಿಯನ್ನೂ ಮಾಡಿದ್ದೆ. ಆದರೆ ಶೀಲ್ಡ್ ಸಾಲಿನ ಕವಾಯತು ಮಾಡಿಸಿದಷ್ಟು ಬಾರಿ ದಾರಿ ಬಿಡುವ ಕವಾಯತು ಮಾಡಿಸಿರಲಿಲ್ಲ. ಮರುದಿನವೇ ಗೇಟಿನ ಎರಡೂ ಬದಿಗೆ ಕೆಳಗಿನ ಗಾಳಿಯ ದಿಕ್ಕು ತಿಳಿಯಲೆಂದು ಸೊಂಟದೆತ್ತರದಲ್ಲಿ ಬಟ್ಟೆಯ ಪಟ್ಟಿ ಕಟ್ಟಿಸಿದೆ, ಮಾಸ್ಕ್‌ಗಳನ್ನು ಯೋಧರ ಸೊಂಟಕ್ಕೇರಿಸಿದೆ. ಇನ್ನೆರಡು ಮೆಗಾಫೋನ್ ಬೇಕೆಂದು ಕಳುಹಿಸಿದ ಬೇಡಿಕೆ ಮಾತ್ರ, ನಾನು ಅಲ್ಲಿಂದ ಹೊರಡುವ ದಿನದವರೆಗೂ ಮೇಲಿನ ಕಚೇರಿಯಲ್ಲೇ ಬಾಕಿಯಿತ್ತು.