ಬಡತನಕ್ಕೆ ಯಾರ ಮೇಲೆ ಕೇಸು ಹಾಕುವುದು?

ಕಾನೂನು ವಿದ್ಯಾರ್ಥಿಗಳಿಗೆ ಮಾನವ ಹಕ್ಕುಗಳ ಪಾಠ ಹೇಳುವ ನನಗೆ ಪ್ರತಿ ವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಚಿತ್ರಹಿಂಸೆ, ಅಕ್ರಮ ಬಂಧನ, ವಾಕ್‌ಸ್ವಾತಂತ್ರ್ಯಗಳ ಪಾಠ ನಡೆಯುವಷ್ಟು ದಿನ ತರಗತಿಯಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ, ಏಕೆಂದರೆ ಹೊಡೆದವನೂ ಹೊಡೆತ ತಿಂದವನೂ ಇಬ್ಬರೂ ಕಣ್ಣೆದುರಿಗೇ ಇರುತ್ತಾರೆ. ಬಡತನವೂ ಮಾನವ ಹಕ್ಕುಗಳ ವಿಷಯವೇ ಎಂದ ದಿನ ಮಾತ್ರ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ: "ಸರ್, ಹಾಗಾದರೆ ಯಾರ ಮೇಲೆ ಕೇಸು ಹಾಕೋದು?" ತರಗತಿ ನಗುತ್ತದೆ. ತರಗತಿಯ ಹೊರಗೆ, ಮದುವೆಮನೆಯ ಪಂಕ್ತಿಯಲ್ಲಿಯೋ ರೈಲಿನಲ್ಲಿಯೋ, ಇದೇ ಪ್ರಶ್ನೆ ಸ್ವಲ್ಪ ಗಂಭೀರವಾಗಿ ಬರುತ್ತದೆ: ಬಡತನ ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ, ಅದಕ್ಕೆ ದುಡಿಮೆ ಬೇಕು, ಉಳ್ಳವರ ಕರುಣೆ ಬೇಕು, ನಡುವೆ ಹಕ್ಕಿನ ಮಾತೇಕೆ?

ಇದನ್ನು ನಾನು ತಲೆಹರಟೆಯ ಪ್ರಶ್ನೆಯೆಂದು ಎಂದೂ ತಳ್ಳಿಹಾಕಿಲ್ಲ. ಪ್ರತಿವಾದಿಯೇ ಇಲ್ಲದ ಹಕ್ಕು ಹಕ್ಕೇ ಅಲ್ಲ ಎಂಬ ಕಾನೂನಿನ ಹಳೆಯ ವಿವೇಕ ಅದರೊಳಗಿದೆ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಬಡತನದ ಬಗೆಗಿನ ನಮ್ಮ ಮಾತು ಸಾಮಾನ್ಯವಾಗಿ ಅಂಕಿಗಳಿಂದ ಆರಂಭವಾಗುತ್ತದೆ. 2025ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿತು (ಈ ಡಾಲರ್ ಆಯಾ ದೇಶದ ಕೊಳ್ಳುವ ಶಕ್ತಿಗೆ ಹೊಂದಿಸಿದ್ದು, ಅದನ್ನು ವಿನಿಮಯ ದರದಿಂದ ಗುಣಿಸಿ ರೂಪಾಯಿ ಮಾಡಬಾರದು). ರೇಖೆ ಮೇಲೇರಿದ ಆ ದಿನ ಜಗತ್ತಿನ ಕಡುಬಡವರ ಲೆಕ್ಕಕ್ಕೆ ಹೊಸದಾಗಿ 12 ಕೋಟಿಗೂ ಹೆಚ್ಚು ಜನ ಸೇರಿದರು, ಆದರೆ ಯಾರ ತಟ್ಟೆಯಿಂದಲೂ ಒಂದು ತುತ್ತು ಕಡಿಮೆಯಾಗಿರಲಿಲ್ಲ. ಇಂದಿನ ಲೆಕ್ಕದಲ್ಲಿ ಅವರು ಸುಮಾರು 80 ಕೋಟಿ. ಈ ಅಂಕಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಅವು ಎಷ್ಟು ಜನ ಎಂದು ಹೇಳಿ ಸುಮ್ಮನಾಗುತ್ತವೆ. ಯಾರ ಯಾವ ತೀರ್ಮಾನದಿಂದ ಹೀಗಾಯಿತು ಎಂಬುದು ಅವುಗಳ ಕೆಲಸವಲ್ಲ.

ಆ ಎರಡನೆಯ ಪ್ರಶ್ನೆಯನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ 1943ರ ಬಂಗಾಳದ ಕ್ಷಾಮ ಸಾಕ್ಷಿ. ಸುಮಾರು 30 ಲಕ್ಷ ಜನ ಸತ್ತ ಆ ಕ್ಷಾಮವನ್ನು ಬಹುಕಾಲ ಬೆಳೆನಾಶದ ಫಲವೆಂದೇ ನಂಬಲಾಗಿತ್ತು. ಕ್ಷಾಮವೇ ಇಲ್ಲದ 1941ಕ್ಕಿಂತ 1943ರಲ್ಲಿ ಬಂಗಾಳದಲ್ಲಿದ್ದ ಧಾನ್ಯವೇನೂ ಕಡಿಮೆಯಿರಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಲೆಕ್ಕಹಾಕಿ ತೋರಿಸಿದರು. ಸತ್ತವರಲ್ಲಿ ಹೆಚ್ಚಿನವರು ಅಕ್ಕಿಯ ಬೆಲೆಯನ್ನು ಬೆನ್ನಟ್ಟಲಾಗದ ಕೂಲಿಯವರು, ಕುಶಲಕರ್ಮಿಗಳು, ಮೀನುಗಾರರು. ಜಪಾನೀಯರ ಕೈಗೆ ಸಿಗಬಾರದೆಂದು 1942ರಲ್ಲಿ ಬ್ರಿಟಿಷ್ ಆಡಳಿತ ಕರಾವಳಿಯ ದೋಣಿಗಳನ್ನು ಕಸಿದುಕೊಂಡಾಗ ಆ ಮೀನುಗಾರರ ಜೀವನೋಪಾಯವೂ ಹೋಗಿತ್ತು. ಅಂದರೆ ಆ ಹಸಿವಿನ ಹಿಂದೆ ಸಹಿಗಳಿದ್ದವು, ಆದೇಶಗಳಿದ್ದವು, ತಾರೀಕುಗಳಿದ್ದವು. ವಿಧಿಯ ಮೇಲೆ ಕೇಸು ಹಾಕಲಾಗದು, ಒಪ್ಪುತ್ತೇನೆ. ಆದರೆ ಸಹಿ ಮಾಡಿದವರನ್ನು ಕೇಳಬಹುದಲ್ಲವೇ?

ಇದಾದ ಐದು ವರ್ಷಕ್ಕೆ, 1948ರ ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೆಯ ವಿಧಿ, ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆಗಳನ್ನೊಳಗೊಂಡ ಜೀವನಮಟ್ಟ ಪ್ರತಿಯೊಬ್ಬರ ಹಕ್ಕು ಎಂದು ಸಾರಿತು. ಮತಸ್ವಾತಂತ್ರ್ಯ ಇರುವ ಪಟ್ಟಿಯಲ್ಲಿಯೇ ಅನ್ನವೂ ಇತ್ತು. ಆಮೇಲೆ ಶೀತಲಸಮರದ ದೊಡ್ಡಣ್ಣಂದಿರು ಆ ಪಟ್ಟಿಯನ್ನು ಎರಡಾಗಿ ಹರಿದರು: 1966ರಲ್ಲಿ ರಾಜಕೀಯ ಹಕ್ಕುಗಳಿಗೆ ಒಂದು ಒಡಂಬಡಿಕೆ, ಆರ್ಥಿಕ ಮತ್ತು ಸಾಮಾಜಿಕ ಹಕ್ಕುಗಳಿಗೆ ಇನ್ನೊಂದು. ಮೊದಲನೆಯದನ್ನು ಕೂಡಲೇ ಪಾಲಿಸಬೇಕು. ಎರಡನೆಯದನ್ನು ಪ್ರತಿ ದೇಶವೂ ತನ್ನ ಸಂಪನ್ಮೂಲಗಳ ಮಿತಿಯೊಳಗೆ ಹಂತಹಂತವಾಗಿ ಈಡೇರಿಸಿದರೆ ಸಾಕು. ಭಾರತ 1979ರಲ್ಲಿ ಎರಡಕ್ಕೂ ಸೇರಿತು. ಎರಡನೆಯದಕ್ಕೆ 1977ರಲ್ಲಿ ಸಹಿ ಮಾಡಿದ ಅಮೆರಿಕ ಇಂದಿಗೂ ಅದನ್ನು ಸ್ಥಿರೀಕರಿಸಿಲ್ಲ. 'ಹಂತಹಂತವಾಗಿ' ಎಂಬ ಪದವನ್ನು ಕೇಳಿದಾಗ ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ 'ನಾಳೆ ಬನ್ನಿ' ಎಂಬುದು ನೆನಪಾಗುವುದು ಸಹಜ. ನನಗೂ ಆಗುತ್ತಿತ್ತು, ದಕ್ಷಿಣ ಆಫ್ರಿಕದ ಒಂದು ತೀರ್ಪನ್ನು ಓದುವವರೆಗೆ.

ಕೇಪ್‌ಟೌನ್ ನಗರದ ಅಂಚಿನಲ್ಲಿ ವಾಲೇಸ್‌ಡೀನ್ ಎಂಬ ಕೊಳೆಗೇರಿಯಿತ್ತು. ಅಲ್ಲಿ ನೀರಿನ ಸಂಪರ್ಕವಾಗಲಿ ಚರಂಡಿಯಾಗಲಿ ಇರಲಿಲ್ಲ. ನೂರರಲ್ಲಿ ಐದು ಗುಡಿಸಲುಗಳಿಗೆ ಮಾತ್ರ ವಿದ್ಯುತ್ತಿತ್ತು. ಹಲವರು ಸರ್ಕಾರದ ಅಗ್ಗದ ಮನೆಗಳ ಪಟ್ಟಿಯಲ್ಲಿ ಹೆಸರು ಬರೆಸಿ ಏಳು ವರ್ಷಗಳವರೆಗೂ ಕಾದಿದ್ದರು. ಐರೀನ್ ಗ್ರೂಟ್‌ಬೂಮ್ ಎಂಬ ಮಹಿಳೆ ತನ್ನ ಕುಟುಂಬ ಮತ್ತು ತಂಗಿಯ ಕುಟುಂಬದೊಂದಿಗೆ ಅಲ್ಲಿನ ಒಂದೇ ಗುಡಿಸಲಿನಲ್ಲಿದ್ದಳು. 1998ರ ಕೊನೆಯ ಭಾಗದಲ್ಲಿ, ಕೊಳೆನೀರು ನಿಲ್ಲುವ ಆ ಜಾಗದಿಂದ ಬೇಸತ್ತ ನೂರಾರು ಜನ ಪಕ್ಕದ ಖಾಲಿ ಖಾಸಗಿ ಜಮೀನಿಗೆ ಹೋಗಿ ಗುಡಿಸಲು ಹಾಕಿದರು. ಆ ಜಾಗಕ್ಕೆ ಅವರಿಟ್ಟ ಹೆಸರು ನ್ಯೂ ರಸ್ಟ್. ಆಫ್ರಿಕಾನ್ಸ್ ಭಾಷೆಯಲ್ಲಿ 'ರಸ್ಟ್' ಎಂದರೆ ವಿಶ್ರಾಂತಿ.

ವಿಶ್ರಾಂತಿ ಹೆಚ್ಚು ದಿನ ಉಳಿಯಲಿಲ್ಲ. ಜಮೀನಿನ ಒಡೆಯ ತೆರವಿನ ಆದೇಶ ತಂದನು. 1999ರ ಮೇ ತಿಂಗಳಲ್ಲಿ, ಕೇಪ್ ಪ್ರದೇಶದ ಮಳೆಗಾಳಿಯ ಚಳಿಗಾಲ ಆರಂಭವಾಗುವ ಹೊತ್ತಿಗೆ, ಆದೇಶದಲ್ಲಿದ್ದ ದಿನಕ್ಕಿಂತ ಒಂದು ದಿನ ಮೊದಲೇ ಬುಲ್ಡೋಜರುಗಳು ಬಂದವು. ಗುಡಿಸಲುಗಳನ್ನು ಉರುಳಿಸಿ ಸುಡಲಾಯಿತು. ಒಳಗಿದ್ದ ಪಾತ್ರೆಪಡಗಗಳನ್ನು ಎತ್ತಿಕೊಳ್ಳಲೂ ಹಲವರಿಗೆ ಸಮಯ ಸಿಗಲಿಲ್ಲ. ಹಿಂತಿರುಗಿ ಹೋದರೆ ವಾಲೇಸ್‌ಡೀನ್‌ನಲ್ಲಿ ಅವರು ಬಿಟ್ಟ ಜಾಗಗಳಲ್ಲಿ ಅಷ್ಟರಲ್ಲಾಗಲೇ ಬೇರೆಯವರು ಗುಡಿಸಲು ಹಾಕಿದ್ದರು. ಕೊನೆಗೆ ಆಟದ ಮೈದಾನವೊಂದರಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕುಳಿತರು. ಮೊಕದ್ದಮೆ ಹೂಡಿದಾಗ ಅವರ ಸಂಖ್ಯೆ 390 ವಯಸ್ಕರು, 510 ಮಕ್ಕಳು. ಪಟ್ಟಿಯ ಮೊದಲ ಹೆಸರು ಗ್ರೂಟ್‌ಬೂಮ್ ಅವರದಾದ್ದರಿಂದ ಆ ಹೆಸರೇ ಮೊಕದ್ದಮೆಗೂ ಉಳಿಯಿತು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅಲ್ಲಿ ನೇರವಾದ ಉತ್ತರವಿತ್ತು. ಅವರು ಕೇಸು ಹಾಕಿದ್ದು ಜಮೀನಿನ ಒಡೆಯನ ಮೇಲಲ್ಲ. ಪಟ್ಟಣಸಭೆ, ಪ್ರಾಂತ್ಯ ಮತ್ತು ರಾಷ್ಟ್ರ, ಈ ಮೂರು ಹಂತಗಳ ಸರ್ಕಾರದ ಮೇಲೆ. ವರ್ಣಭೇದ ನೀತಿ ಕೊನೆಗೊಂಡ ಮೇಲೆ 1996ರಲ್ಲಿ ಬಂದ ಅಲ್ಲಿನ ಸಂವಿಧಾನದ 26ನೆಯ ವಿಧಿ ಯೋಗ್ಯ ವಸತಿಯನ್ನು ಪ್ರತಿಯೊಬ್ಬರ ಹಕ್ಕೆಂದು ಕರೆದು, ಲಭ್ಯ ಸಂಪನ್ಮೂಲಗಳೊಳಗೆ ಅದನ್ನು ಹಂತಹಂತವಾಗಿ ಈಡೇರಿಸಲು ಸಮಂಜಸ ಕ್ರಮಗಳನ್ನು ಕೈಗೊಳ್ಳಬೇಕೆಂದು ಸರ್ಕಾರಕ್ಕೆ ವಿಧಿಸಿತ್ತು. ಸರ್ಕಾರದ ಸಮರ್ಥನೆಯೂ ಕಡೆಗಣಿಸುವಂಥದ್ದಾಗಿರಲಿಲ್ಲ: ಕೆಲವೇ ವರ್ಷಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಕೈಗೆತ್ತಿಕೊಂಡಿದ್ದೇವೆ, ಸರತಿ ಮುರಿದವರಿಗೆ ಮೊದಲು ಕೊಟ್ಟರೆ ಕಾದವರಿಗೆ ಅನ್ಯಾಯ.

ಸಂವಿಧಾನ ನ್ಯಾಯಾಲಯದ ಪರವಾಗಿ 2000ದ ಅಕ್ಟೋಬರ್ 4ರಂದು ತೀರ್ಪು ಬರೆದವರು ಝಾಕ್ ಯಾಕೂಬ್. ಡರ್ಬನ್‌ನ ಭಾರತೀಯ ಮೂಲದ ಕುಟುಂಬದಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಮೆದುಳುಜ್ವರದಿಂದ ದೃಷ್ಟಿ ಕಳೆದುಕೊಂಡು, ವರ್ಣಭೇದದ ವಿರುದ್ಧ ವಕೀಲರಾಗಿ ಹೋರಾಡಿ ಆ ಪೀಠಕ್ಕೆ ಬಂದವರು. ಕೇಳಿದವರಿಗೆಲ್ಲ ನಾಳೆಯೇ ಮನೆ ಕೊಡಿ ಎಂದು ಆ ತೀರ್ಪು ಹೇಳಲಿಲ್ಲ. ಸರ್ಕಾರದ ಯೋಜನೆಯನ್ನು ಎದುರಿಗಿಟ್ಟುಕೊಂಡು ಅದು ಒಂದು ಲೋಪವನ್ನು ಎತ್ತಿ ತೋರಿಸಿತು: ಹತ್ತು ವರ್ಷದ ಮೇಲೆ ಮನೆ ಸಿಗಲಿರುವವರಿಗೆ ಇದರಲ್ಲಿ ಜಾಗವಿದೆ, ಇಂದು ರಾತ್ರಿ ತಲೆಯ ಮೇಲೆ ಸೂರೇ ಇಲ್ಲದವರಿಗೆ ಏನೂ ಇಲ್ಲ; ಅತ್ಯಂತ ಸಂಕಟದಲ್ಲಿರುವವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಯೋಜನೆ ಸಮಂಜಸವಾಗಲಾರದು; ಆದ್ದರಿಂದ ಅಷ್ಟರಮಟ್ಟಿಗೆ ಸಂವಿಧಾನದ ಉಲ್ಲಂಘನೆಯಾಗಿದೆ. 'ಹಂತಹಂತವಾಗಿ' ಎಂಬ ಪದಕ್ಕೆ ಇಲ್ಲಿ ಹಲ್ಲು ಬಂದಿತು. ಹಣವಿಲ್ಲ ಎಂದು ಹೇಳುವ ಅವಕಾಶ ಸರ್ಕಾರಕ್ಕೆ ಉಳಿಯಿತು, ಆದರೆ ಇದ್ದ ಹಣವನ್ನು ಯಾರಿಗೆ ಮೊದಲು, ಏಕೆ ಎಂದು ಗುಡಿಸಲಿನ ಮಹಿಳೆಯೊಬ್ಬಳಿಗೆ ಕಾರಣ ಸಹಿತ ವಿವರಿಸಬೇಕಾದ ಹೊರೆಯೂ ಅದರ ಹೆಗಲೇರಿತು. ನನ್ನ ಮಟ್ಟಿಗೆ ಬಡತನ ಮತ್ತು ಮಾನವ ಹಕ್ಕುಗಳ ನಂಟು ಇರುವುದು ಈ ಹೊರೆಯಲ್ಲಿ.

ಈ ಕಥೆ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಆಕೆಗೆ ಮನೆ ಸಿಕ್ಕಿತಾ ಸರ್?" ಸಿಗಲಿಲ್ಲ. ತೀರ್ಪಿನ ನಾಲ್ಕು ವರ್ಷದ ಬಳಿಕ, 2004ರಲ್ಲಿ, ದಕ್ಷಿಣ ಆಫ್ರಿಕ ತುರ್ತು ವಸತಿಯ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿತು. ಆದರೆ ಐರೀನ್ ಗ್ರೂಟ್‌ಬೂಮ್ 2008ರಲ್ಲಿ ತೀರಿಕೊಂಡಾಗ ಇನ್ನೂ ಗುಡಿಸಲಿನಲ್ಲಿಯೇ ಇದ್ದಳು. ಜಗತ್ತಿನ ಕಾನೂನು ಕಾಲೇಜುಗಳಲ್ಲೆಲ್ಲ ಓದುವ ಹೆಸರು ಅದು. ಹಾಗಾದರೆ ಹಕ್ಕಿನಿಂದ ಏನು ಬಂತು ಎಂದು ಕೇಳುವವರ ಕೋಪ ನನಗೆ ಅರ್ಥವಾಗುತ್ತದೆ, ಮತ್ತು ಆ ತೀರ್ಪಿನಲ್ಲಿ ಒಂದು ದೋಷವಿದೆಯೆಂದೇ ನನ್ನ ಅಭಿಪ್ರಾಯ: ಅದು ಯಾವ ಗಡುವನ್ನೂ ಹಾಕಲಿಲ್ಲ.

ಗಡುವು ಎಷ್ಟು ದೊಡ್ಡ ಮಾತು ಎಂಬುದನ್ನು ನಮ್ಮ ದೇಶದ ಪ್ರಕರಣವೊಂದು ತೋರಿಸುತ್ತದೆ. ಗ್ರೂಟ್‌ಬೂಮ್ ತೀರ್ಪಿನ ಮರುವರ್ಷವೇ, 2001ರ ಏಪ್ರಿಲ್‌ನಲ್ಲಿ, ರಾಜಸ್ಥಾನದಲ್ಲಿ ಬರವಿದ್ದಾಗ, ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದ್ದರೂ ಹಳ್ಳಿಗಳಲ್ಲಿ ಜನ ಹಸಿದಿದ್ದಾರೆ ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಆ ವರ್ಷದ ಮಧ್ಯಭಾಗದಲ್ಲಿ ಸರ್ಕಾರದ ಬಳಿ ಸುಮಾರು 6 ಕೋಟಿ ಟನ್ ಧಾನ್ಯವಿತ್ತು. ನವೆಂಬರ್ 28ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದಿತು. ಊಟದಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ, ಜಾರಿಗೆ ಆರು ತಿಂಗಳು. ಗ್ರಾಂ ಲೆಕ್ಕದ ಈ ಆದೇಶ ಓದಲು ನೀರಸ, ಆದರೆ ಅಕ್ಷರ ಬಾರದ ತಾಯಿಯೂ ಶಾಲೆಯ ಅಡುಗೆಮನೆಗೆ ಹೋಗಿ ಪಾಲನೆಯಾಗಿದೆಯೇ ಎಂದು ನೋಡಬಹುದಾದಷ್ಟು ಸ್ಪಷ್ಟ. ಹಲವು ರಾಜ್ಯಗಳು ಗಡುವು ಮೀರಿದವು, ನಿಜ. ಆಗ ನ್ಯಾಯಾಲಯ ಎನ್.ಸಿ. ಸಕ್ಸೇನಾ ಮತ್ತು ಎಸ್.ಆರ್. ಶಂಕರನ್ ಅವರನ್ನು ಆಯುಕ್ತರನ್ನಾಗಿ ನೇಮಿಸಿ ಬೆನ್ನುಹತ್ತಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದದ್ದು ಈ ಹಿನ್ನೆಲೆಯಲ್ಲಿ.

ಕನ್ನಡದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ವಿಷಯದಲ್ಲಿ ನಮ್ಮ ಸರ್ಕಾರಿ ಭಾಷೆ ಹಕ್ಕಿನ ಪರವಾಗಿಲ್ಲ. 2013ರಲ್ಲಿ ಸಂಸತ್ತು ಆಹಾರ ಭದ್ರತಾ ಕಾಯ್ದೆ ಮಾಡಿ ಗ್ರಾಮೀಣರಲ್ಲಿ ಶೇ. 75, ನಗರವಾಸಿಗಳಲ್ಲಿ ಶೇ. 50ರವರೆಗಿನ ಜನರಿಗೆ ಅಗ್ಗದ ಧಾನ್ಯವನ್ನು ಶಾಸನದ ಹಕ್ಕಾಗಿಸಿತು. ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕು, ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ, ರಾಜ್ಯಕ್ಕೊಂದು ಆಹಾರ ಆಯೋಗ ಇರಬೇಕು ಎಂದಿತು. ಅದೇ ವರ್ಷ ನಮ್ಮ ರಾಜ್ಯದ ಯೋಜನೆಗೆ ಬಂದ ಹೆಸರು ಅನ್ನಭಾಗ್ಯ. ಭಾಗ್ಯವೆಂದರೆ ಹಣೆಯಲ್ಲಿ ಬರೆದದ್ದು, ಪಡೆದುಕೊಂಡು ಬಂದದ್ದು. ಬಾರದಿದ್ದರೆ ಅದಕ್ಕೆ ಮೇಲ್ಮನವಿ ಇಲ್ಲ. ಅಕ್ಕಿ ತರುವವರನ್ನು ಕಡತಗಳು 'ಫಲಾನುಭವಿ' ಎನ್ನುತ್ತವೆ, ಯಾರೋ ನೆಟ್ಟ ಮರದ ಹಣ್ಣು ತಿನ್ನುವವರಂತೆ. ಮುಂದೆ ಅದು 'ಬಿಟ್ಟಿ ಭಾಗ್ಯ' ಎಂಬ ಹಂಗಿಸುವ ಮಾತಾಗಿ ತಿರುಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಯೋಜನೆ ಒಳ್ಳೆಯದೇ, ನನ್ನ ತಕರಾರು ಹೆಸರಿನ ಬಗ್ಗೆ. ತೂಕದಲ್ಲಿ ಕಡಿಮೆ ಬಂದರೆ ಹಕ್ಕುದಾರ ಜಗಳವಾಡುತ್ತಾನೆ, ಭಾಗ್ಯವಂತ ಸುಮ್ಮನಿರುತ್ತಾನೆ.

ಇಷ್ಟೂ ಒಂದು ದೇಶದ ಒಳಗಿನ ಮಾತು. ಗಡಿ ದಾಟಿದ ಮೇಲೆ ಉತ್ತರ ಕಷ್ಟವಾಗುತ್ತದೆ, ಮತ್ತು ಇದಕ್ಕೂ ದಕ್ಷಿಣ ಆಫ್ರಿಕವೇ ಒಳ್ಳೆಯ ಉದಾಹರಣೆ. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ತಡೆಯುವ ನೆವಿರಪೀನ್ ಔಷಧವನ್ನು ತಯಾರಕರು ಉಚಿತವಾಗಿ ಕೊಡಲು ಸಿದ್ಧರಿದ್ದರೂ ಅಲ್ಲಿನ ಸರ್ಕಾರ ಅದನ್ನು ಪ್ರಾಂತ್ಯಕ್ಕೆರಡರಂತೆ ಕೆಲವೇ ಕೇಂದ್ರಗಳಿಗೆ ಸೀಮಿತಗೊಳಿಸಿತ್ತು. ರೋಗಿಗಳ ಪರವಾದ ಚಳವಳಿಗಾರರು ಗ್ರೂಟ್‌ಬೂಮ್ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ವಾದಿಸಿ 2002ರ ಜುಲೈನಲ್ಲಿ ಗೆದ್ದರು. ಮುಂದೆ ಆ ದೇಶ ಎಚ್‌ಐವಿ ಔಷಧಗಳಲ್ಲಿ ಹೆಚ್ಚಿನ ಪಾಲನ್ನು ತನ್ನ ಬೊಕ್ಕಸದಿಂದಲೇ ಕೊಳ್ಳತೊಡಗಿತು. ಜೊತೆಗೆ ಅಮೆರಿಕದ ನೆರವಿನಿಂದ ಅನೇಕ ಕ್ಲಿನಿಕ್‌ಗಳೂ ಸಿಬ್ಬಂದಿಯೂ ಬಂದರು. 2025ರ ಜನವರಿಯಲ್ಲಿ ಅಮೆರಿಕದ ಹೊಸ ಆಡಳಿತ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ, ಹಕ್ಕಿನ ಹಾದಿಯಲ್ಲಿ ಬಂದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಳಿದವು, ನೆರವಿನ ಹಾದಿಯಲ್ಲಿ ಬಂದ ಕ್ಲಿನಿಕ್‌ಗಳಲ್ಲಿ ಹಲವು ಮುಚ್ಚಿದವು. ಅನುದಾನ ಪಡೆಯುತ್ತಿದ್ದ ಸಂಸ್ಥೆಗಳು ಅಮೆರಿಕದ ನ್ಯಾಯಾಲಯಕ್ಕೆ ಹೋಗಿ ಬಾಕಿ ಹಣ ಕೇಳಿದವು. ಬಾಗಿಲು ಮುಚ್ಚಿದ ಕ್ಲಿನಿಕ್‌ನ ಮುಂದೆ ನಿಂತ ರೋಗಿಗೆ ಆ ನ್ಯಾಯಾಲಯದಲ್ಲಿ ಕೇಳಲು ಏನೂ ಇರಲಿಲ್ಲ, ಏಕೆಂದರೆ ಆಕೆ ಪಡೆಯುತ್ತಿದ್ದುದು ಕೊಡುಗೆ.

ಹಾಗಾದರೆ ಜಗತ್ತಿನ ಬಡತನಕ್ಕೆ ಜಗತ್ತಿನಲ್ಲಿ ಯಾರ ಮೇಲೆ ಕೇಸು? 1948ರ ಘೋಷಣೆಯ 28ನೆಯ ವಿಧಿ, ಈ ಹಕ್ಕುಗಳೆಲ್ಲ ನಿಜವಾಗಬಲ್ಲ ಒಂದು ಅಂತರರಾಷ್ಟ್ರೀಯ ವ್ಯವಸ್ಥೆಗೂ ಪ್ರತಿಯೊಬ್ಬರೂ ಹಕ್ಕುದಾರರು ಎನ್ನುತ್ತದೆ. ಶ್ರೀಮಂತ ದೇಶಗಳು ರಾಷ್ಟ್ರೀಯ ವರಮಾನದ ಶೇ. 0.7ನ್ನು ನೆರವಿಗೆ ಕೊಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆ 1970ರಲ್ಲಿಯೇ ಒಪ್ಪಿತ್ತು, ಮುಟ್ಟಿದವು ನಾರ್ವೆ, ಸ್ವೀಡನ್, ಲಕ್ಸೆಂಬರ್ಗ್‌ಗಳಂಥ ಕೆಲವೇ ದೇಶಗಳು. ಮುಟ್ಟದವರನ್ನು ಕಟಕಟೆಗೆ ಕರೆಯುವ ನ್ಯಾಯಾಲಯ ಎಲ್ಲಿಯೂ ಇಲ್ಲ. ಇರುವುದು ಒಂದು ಸಣ್ಣ ಕಿಂಡಿ: 1966ರ ಆರ್ಥಿಕ ಹಕ್ಕುಗಳ ಒಡಂಬಡಿಕೆಗೆ 2008ರಲ್ಲಿ ಸೇರಿಸಿ 2013ರಲ್ಲಿ ಜಾರಿಗೆ ತಂದ ಐಚ್ಛಿಕ ಒಪ್ಪಂದದ ಪ್ರಕಾರ, ತನ್ನ ದೇಶದಲ್ಲಿ ನ್ಯಾಯ ಸಿಗದ ವ್ಯಕ್ತಿ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಸಮಿತಿಗೆ ತನ್ನ ಸರ್ಕಾರದ ಮೇಲೆ ದೂರು ಕೊಡಬಹುದು. ಅದಕ್ಕೆ ಆ ಸರ್ಕಾರ ಮೊದಲು ಒಪ್ಪಂದಕ್ಕೆ ಸೇರಿರಬೇಕು. ಭಾರತ ಸೇರಿಲ್ಲ. ಆದ್ದರಿಂದ ಹಿಂದಿನ ಬೆಂಚಿನ ಹುಡುಗನಿಗೆ ನಾನು ಸದ್ಯಕ್ಕೆ ಕೊಡುವ ವಿಳಾಸಗಳು ಮೂರೇ: ಜಿಲ್ಲೆಯ ದೂರು ನಿವಾರಣಾ ಅಧಿಕಾರಿ, ರಾಜ್ಯದ ಆಹಾರ ಆಯೋಗ, ಆಮೇಲೆ ಹೈಕೋರ್ಟು. ಜಿನೀವಾದ ವಿಳಾಸ ಕೇಳಿದರೆ, ನಾವೇಕೆ ಸೇರಿಲ್ಲ ಎಂದು ನಿಮ್ಮ ಸಂಸದರನ್ನು ಕೇಳಿ ಎನ್ನುತ್ತೇನೆ.