ಸಮುದ್ರ ಬಿಟ್ಟುಹೋದ ಕೋಟೆ, ನೀರು ಕಾಪಾಡಿದ ಕೋಟೆ

ಫಿನ್‌ಲ್ಯಾಂಡಿನ ಹಳೆಯ ಕೋಟೆಗೆ ಹೋದರೆ ಮೊದಲು ನೀರು ಎಲ್ಲಿದೆ ಅಂತ ನೋಡಬೇಕು. ಕಾಡು, ಜೌಗು ತುಂಬಿದ ಆ ನಾಡಿನಲ್ಲಿ ಆಗ ಓಡಾಟ ಜಾಸ್ತಿ ದೋಣಿಯಲ್ಲೇ. ದೋಣಿ ದಾರಿ ಯಾರದೋ, ಸೀಮೆಯೂ ಅವರದೇ.

ದಕ್ಷಿಣ ಕರಾವಳಿಯ ರಾಸೆಪೊರಿಯಲ್ಲಿ ಇದು ಚೆನ್ನಾಗಿ ಅರ್ಥವಾಯಿತು. 1370ರ ದಶಕದಲ್ಲಿ ಸ್ವೀಡನ್ನಿನ ಪ್ರಬಲ ಜಮೀನ್ದಾರ ಬೂ ಯೋನ್ಸನ್ ಗ್ರಿಪ್ ಕಟ್ಟಿಸಿದ ಕೋಟೆ; ಫಿನ್‌ಲ್ಯಾಂಡ್ ಆ ಕಾಲದಲ್ಲಿ ಸ್ವೀಡನ್ನಿಗೆ ಸೇರಿತ್ತು. ಆಗ ಬಂಡೆಯ ಬುಡಕ್ಕೇ ಸಮುದ್ರವಿತ್ತು. ಈಗ ಸುತ್ತ ಹುಲ್ಲುಗಾವಲು, ಪಕ್ಕದಲ್ಲೊಂದು ಸಣ್ಣ ಹೊಳೆ, ಅಷ್ಟೇ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಇಲ್ಲಿ ನೆಲ ನಿಧಾನಕ್ಕೆ ಮೇಲೇಳುತ್ತಲೇ ಇದೆ. ಸಮುದ್ರ ಹಿಂದೆ ಸರಿಯಿತು, ಹಡಗು ಬರುವುದು ಕಷ್ಟವಾಯಿತು. 1550ರಲ್ಲಿ ಹೆಲ್ಸಿಂಕಿ ಹುಟ್ಟಿದ ಮೇಲಂತೂ ಈ ಕೋಟೆಯನ್ನು ಕೇಳುವವರೇ ಇಲ್ಲದಂತಾಯಿತು. ಹೀಗೆ ಪಾಳುಬಿದ್ದಿದ್ದು ನೋಡಿ ನಿಜಕ್ಕೂ ಸಂಕಟವಾಯಿತು.

ಓಲವಿನ್‌ಲಿನ್ನ ಕೋಟೆಯ ಕಥೆಯೇ ಬೇರೆ. ಹೆಲ್ಸಿಂಕಿಯಿಂದ ಹೊರಟು, ಪಾರಿಕ್ಕಲದಲ್ಲಿ ರೈಲು ಬದಲಿಸಿ ಸವೊನ್‌ಲಿನ್ನ ಊರಿಗೆ ಹೋಗಬೇಕು. ಎರಡು ಸರೋವರಗಳು ಸೇರುವ ಇಕ್ಕಟ್ಟಿನ ಜಾಗ. ಮಧ್ಯದ ಬಂಡೆಯ ಮೇಲೆ ಕೋಟೆ. ಪೂರ್ವದಿಂದ ಬರುವ ರಷ್ಯನ್ನರನ್ನು ತಡೆಯಲು 1475ರಲ್ಲಿ ಸ್ವೀಡನ್ನಿನ ಸರದಾರ ಎರಿಕ್ ಆಕ್ಸೆಲ್ಸನ್ ಟಾಟ್ ಶುರುಮಾಡಿದ್ದು.

ಸೇತುವೆ ಮೇಲೆ ನಿಂತು ಬಗ್ಗಿ ನೋಡಿದೆ. ನೀರು ಸುಳಿ ಸುತ್ತುತ್ತಾ ಜೋರಾಗಿ ಹರಿಯುತ್ತಿತ್ತು. ಈ ಸೆಳೆತದಿಂದಾಗಿ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೂ ಕೋಟೆಯ ಸುತ್ತಲಿನ ನೀರು ಹೆಪ್ಪುಗಟ್ಟುವುದಿಲ್ಲ. ಮಂಜಿನ ಮೇಲೆ ನಡೆದು ಬರೋಣ ಅಂದರೆ ಶತ್ರುವಿಗೆ ದಾರಿಯೇ ಇಲ್ಲ! ಟಾಟ್ ಎಂಥ ಜಾಗ ಹುಡುಕಿದ್ದಾನೆ, ಅಲ್ವಾ?

ಒಳಗೆ ಮೆಟ್ಟಿಲು ಕಿರಿದು, ಕಡಿದು. ದುಂಡು ಬುರುಜುಗಳಲ್ಲಿ ಮೂರು ಉಳಿದಿವೆ. ಒಂದರಲ್ಲಿ ಪುಟ್ಟ ಪ್ರಾರ್ಥನಾ ಕೋಣೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲೇ ಕೂರಬಹುದು. ಗೋಡೆಯಿಂದ ಹೊರಕ್ಕೆ ಚಾಚಿದ ಸಣ್ಣ ಗೂಡು ಕಂಡರೆ ಅದು ಶೌಚಾಲಯ. ಇಂಥ ಸಣ್ಣ ವಿಷಯಗಳಲ್ಲೇ ಇಲ್ಲಿದ್ದ ಸೈನಿಕರು ನನಗೆ ಹತ್ತಿರವಾದರು.

ಊರಿನವರಿಗೆ ಕೋಟೆಯ ಕರಿ ಟಗರೆಂದರೆ ತುಂಬಾ ಪ್ರೀತಿ. ಅದು ಗದ್ದಲ ಎಬ್ಬಿಸಿ ಮುತ್ತಿಗೆ ಹಾಕಿದವರನ್ನು ಓಡಿಸಿತಂತೆ. ದಡದಲ್ಲಿ ಅದರ ಪ್ರತಿಮೆಯಿದೆ.

1743ರಲ್ಲಿ ಕೋಟೆ ರಷ್ಯಾದ ಪಾಲಾಯಿತು. 1809ರಲ್ಲಿ ಇಡೀ ಫಿನ್‌ಲ್ಯಾಂಡೇ ಅವರ ಕೈಸೇರಿದ ಮೇಲೆ ಕಾಯಲು ಗಡಿಯೇ ಉಳಿಯಲಿಲ್ಲ. ಮತ್ತೆ ಜೀವ ಕೊಟ್ಟಿದ್ದು ಸಂಗೀತ. ಗಾಯಕಿ ಐನೊ ಆಕ್ತೆ 1912ರಲ್ಲಿ ಇಲ್ಲಿ ಒಪೆರಾ ಉತ್ಸವ ಶುರುಮಾಡಿದರು. ಈಗ ಬೇಸಿಗೆಯಲ್ಲಿ ಅಂಗಳವೇ ರಂಗಮಂದಿರ. ಆ ಸಮಯಕ್ಕೆ ಹೋಗುವವರು ರೂಮು ಮೊದಲೇ ಹಿಡಿಯಿರಿ. ಒಂದೇ ಕೋಟೆಗೆ ಸಮಯವಿದ್ದರೆ ಓಲವಿನ್‌ಲಿನ್ನ ನೋಡಿ. ಎರಡಕ್ಕೂ ಇದ್ದರೆ ರಾಸೆಪೊರಿಯನ್ನು ಮೊದಲು ನೋಡಿ.